ಅರ್ಧ ದುಡ್ಡು ಸರ್ಕಾರದ್ದು, ಕಂತು ಮಾತ್ರ ನಿಮ್ಮದು

ಗರ್ಭ ಪರೀಕ್ಷೆಗೆಂದು ಕೊಟ್ಟಿಗೆಗೆ ಹೋದರೆ ಈಗೀಗ ಹಸುವಿನ ಮಾತಿಗಿಂತ ಸಾಲದ ಮಾತೇ ಮೊದಲು ಬರುತ್ತದೆ. “ಡಾಕ್ಟ್ರಮ್ಮ, ಪನೀರ್ ಮಾಡಿ ಮಾರೋಕೆ ಸರ್ಕಾರ ಅರ್ಧ ದುಡ್ಡು ಕೊಡುತ್ತಂತೆ, ಹೌದಾ?” ಉತ್ತರಹಳ್ಳಿ, ಕೋಣನಕುಂಟೆ, ಗೊಟ್ಟಿಗೆರೆ, ಬೇಗೂರು ಕಡೆಯ ಸದಸ್ಯೆಯರು ಇದನ್ನು ಹೆಚ್ಚು ಕೇಳುತ್ತಾರೆ. ಕಾರಣ ಕಣ್ಣೆದುರೇ ಇದೆ. ಬನಶಂಕರಿ, ಜೆ.ಪಿ. ನಗರ, ಜಯನಗರ, ಬಿ.ಟಿ.ಎಂ. ಲೇಔಟ್‌ನ ಮನೆಗಳು ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಮನೆಯಲ್ಲಿ ಕಾಸಿದ ತುಪ್ಪ, ಆವತ್ತೇ ಮಾಡಿದ ಪನೀರ್ ಬೇಕೆನ್ನುವವರು ಅಲ್ಲಿ ಬೇಕಾದಷ್ಟಿದ್ದಾರೆ. ಇತ್ತ ಹಸಿಮೇವು ಬೆಳೆಯುವ ಜಾಗ ವರ್ಷದಿಂದ ವರ್ಷಕ್ಕೆ ಸೈಟಾಗುತ್ತಿದೆ. ಇನ್ನೆರಡು ಹಸು ಕಟ್ಟಲು ಜಾಗವಿಲ್ಲದವರು, ಇರುವ ಹಾಲಿನಲ್ಲೇ ನಾಲ್ಕು ಕಾಸು ಹೆಚ್ಚು ಹುಟ್ಟಿಸಬಹುದೇ ಎಂದು ನೋಡುವುದು ಸಹಜ.

ಅರ್ಧ ದುಡ್ಡಿನ ಮಾತು ಸುಳ್ಳಲ್ಲ. ಆದರೆ ಆ ಅರ್ಧ ಬರುವುದು ಕೊನೆಯಲ್ಲಿ. ಮೊದಲು ಬರುವುದು ಸಾಲ. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ಅರ್ಜಿ ಹಾಕಿದವರು ಆಮೇಲೆ ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಆದ್ದರಿಂದ ಈ ಸಂಚಿಕೆಯಲ್ಲಿ ಕೆಚ್ಚಲು ಬಾವು ಬಿಟ್ಟು ಬ್ಯಾಂಕಿನ ವಿಷಯ ಬರೆಯುತ್ತಿದ್ದೇನೆ.

ನೀವು ಕೇಳಿರುವ ಯೋಜನೆಯ ಹೆಸರು ಪಿಎಂಎಫ್‌ಎಂಇ, ಅಂದರೆ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ. 2020ರ ಜೂನ್‌ನಲ್ಲಿ ಶುರುವಾಯಿತು. ಅವಧಿಯನ್ನು 2025-26ರವರೆಗೆ ವಿಸ್ತರಿಸಲಾಯಿತು. ಆದ್ದರಿಂದ ಓಡಾಟಕ್ಕೆ ಮೊದಲು ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಒಂದು ಮಾತು ಕೇಳಿಬಿಡಿ. ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಯೋಜನೆಯಲ್ಲೇ ಇದೆ. ಅದರ ಮೇಲೆ ಕರ್ನಾಟಕ ಸರ್ಕಾರ ಇನ್ನೂ ಶೇ 15 ಸೇರಿಸಿ ಒಟ್ಟು ಶೇ 50 ಮಾಡಿದೆ, ಗರಿಷ್ಠ 15 ಲಕ್ಷ ರೂಪಾಯಿ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಹಸು ಕೊಳ್ಳಲು, ಜಾಗ ಕೊಳ್ಳಲು ಈ ದುಡ್ಡು ಸಿಗುವುದಿಲ್ಲ. ಹಾಲನ್ನು ಪನೀರ್, ಖೋವಾ, ತುಪ್ಪ ಮಾಡುವ ಯಂತ್ರ, ಪಾತ್ರೆ, ಶೆಡ್ಡಿನ ಕೆಲಸಕ್ಕೆ ಮಾತ್ರ.

ದುಡ್ಡು ಹೇಗೆ ಬರುತ್ತದೆ ನೋಡಿ. ಯೋಜನಾ ವೆಚ್ಚ 5 ಲಕ್ಷ ಅಂದುಕೊಳ್ಳಿ. ಶೇ 10, ಅಂದರೆ 50,000 ರೂಪಾಯಿ ನೀವು ಕೈಯಿಂದ ಹಾಕಬೇಕು. ಉಳಿದ ನಾಲ್ಕೂವರೆ ಲಕ್ಷ ಬ್ಯಾಂಕ್ ಸಾಲ. ಸಬ್ಸಿಡಿಯ ಎರಡೂವರೆ ಲಕ್ಷ ನಿಮ್ಮ ಉಳಿತಾಯ ಖಾತೆಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇಡುತ್ತಾರೆ. ಸಾಲ ಪೂರ್ತಿ ಬಿಡುಗಡೆಯಾಗಿ 3 ವರ್ಷ ಕಳೆದ ಮೇಲೆ, ಘಟಕ ನಡೆಯುತ್ತಿದ್ದು ಕಂತು ತಪ್ಪದೆ ಕಟ್ಟಿದ್ದರೆ, ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಅಷ್ಟು ಮೊತ್ತಕ್ಕೆ ಬ್ಯಾಂಕ್ ಬಡ್ಡಿ ಹಾಕುವಂತಿಲ್ಲ, ಅದು ನಿಜವಾದ ಅನುಕೂಲ. ಆದರೆ ಮಧ್ಯದಲ್ಲಿ ಬಾಗಿಲು ಹಾಕಿದರೆ ಸಬ್ಸಿಡಿಯ ಆಸೆ ಬಿಡಬೇಕು, ಸಾಲ ಹಾಗೇ ಉಳಿಯುತ್ತದೆ.

ಕಾಗದದ ಮೇಲೆ ಪನೀರ್

ಅರ್ಜಿಗೆ ಮುಂಚೆ ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂರಿ. ನಮ್ಮ ಕಡೆಯ ಎಚ್‌ಎಫ್ ಮಿಶ್ರತಳಿ ಹಸುವಿನ ಹಾಲಿನಲ್ಲಿ ಒಂದು ಕಿಲೋ ಪನೀರಿಗೆ ಆರೂವರೆ, ಏಳು ಲೀಟರ್ ಬೇಕು. ಏಳು ಎಂದೇ ಹಿಡಿಯೋಣ. ಸಂಘದಲ್ಲಿ ನಿಮಗೆ ಲೀಟರಿಗೆ 35 ರೂಪಾಯಿ ಸಿಗುತ್ತಿದೆ ಅಂದುಕೊಳ್ಳಿ. ಅದರ ಜೊತೆಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಇದೆ. ಅದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ, ಮನೆಯಲ್ಲಿ ಒಡೆಸಿದ ಹಾಲಿಗೆ ಇಲ್ಲ. ಆ 5 ರೂಪಾಯಿಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ! ಹಾಗಾಗಿ ನಿಮ್ಮ ಹಾಲಿನ ಬೆಲೆ 40. ಏಳು ಲೀಟರಿಗೆ 280. ಗ್ಯಾಸ್, ಪ್ಯಾಕಿಂಗ್, ಪೆಟ್ರೋಲ್, ಕರೆಂಟ್ ಎಲ್ಲ ಸೇರಿ ಕಿಲೋಗೆ 50 ಎನ್ನೋಣ. ನೀವು 400ಕ್ಕೆ ಮಾರಿದರೆ ಉಳಿಯುವುದು 70 ರೂಪಾಯಿ. ನಿಮ್ಮ ಕೂಲಿ ಇದರಲ್ಲಿ ಸೇರಿಲ್ಲ.

ನಾಲ್ಕೈದು ಹಸು ಇರುವ ಮನೆಯವರು ಬೆಳಗಿನ ಹಾಲು ಡೇರಿಗೆ ಹಾಕಿ, ಸಂಜೆಯ 21 ಲೀಟರನ್ನು ಪನೀರಿಗೆ ಇಟ್ಟುಕೊಂಡರೆ ದಿನಕ್ಕೆ 3 ಕಿಲೋ. ತಿಂಗಳಿಗೆ ಉಳಿಕೆ 6,300. ಈಗ ಕಂತಿಗೆ ಬನ್ನಿ. ನಾಲ್ಕೂವರೆ ಲಕ್ಷಕ್ಕೆ ಶೇ 11 ಬಡ್ಡಿ, 5 ವರ್ಷ ಎಂದು ಹಿಡಿದರೆ ತಿಂಗಳಿಗೆ ಸುಮಾರು 9,800 ರೂಪಾಯಿ. ದುಡಿದದ್ದಕ್ಕಿಂತ ಕಟ್ಟುವುದೇ ಮೂರೂವರೆ ಸಾವಿರ ಹೆಚ್ಚು. ಸಬ್ಸಿಡಿ ಖಾತೆಗೆ ಬಿದ್ದ ಮೇಲೆ ಬಡ್ಡಿ ಇಳಿಯುತ್ತದೆ ನಿಜ, ಆದರೆ ಅದು ಬರುವವರೆಗೆ ಹಸುವಿನ ಹಿಂಡಿ ದುಡ್ಡಿನಲ್ಲೇ ಕಂತು ಕಟ್ಟಬೇಕಾಗುತ್ತದೆ. ಇಷ್ಟು ದೊಡ್ಡ ಘಟಕದ ಕಂತು ಹುಟ್ಟಬೇಕಾದರೂ ದಿನಕ್ಕೆ 33 ಲೀಟರಿನ ಪನೀರ್ ಮಾಡಿ, ಅಷ್ಟನ್ನೂ ಮಾರಬೇಕು.

ಅದೇ ಮನೆಯವರು ಹಾಲು ಕಾಯಿಸುವ ಪಾತ್ರೆ, ಪನೀರ್ ಒತ್ತುವ ಪ್ರೆಸ್, ಒಂದು ಫ್ರಿಜ್, ತಕ್ಕಡಿ, ಸೀಲಿಂಗ್ ಯಂತ್ರ ಎಂದು ಒಂದೂವರೆ ಲಕ್ಷದಲ್ಲಿ ಮುಗಿಸಿದರೆ? ಕೈಯಿಂದ 15,000; ಸಾಲ 1,35,000; ಕಂತು ಸುಮಾರು 2,900. ಮೂರು ಸಾವಿರದ ಮೇಲೆ ಕೈಯಲ್ಲಿ ಉಳಿಯುತ್ತದೆ. ಸಬ್ಸಿಡಿ ಹೆಚ್ಚು ಬರಲಿ ಎಂದು ಯೋಜನೆಯನ್ನು ಹಿಗ್ಗಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ದರಗಳೆಲ್ಲ ನಾನು ಊಹಿಸಿ ಹಿಡಿದವು. ನಿಮ್ಮ ಸಂಘದ ದರ, ನಿಮ್ಮ ಗಿರಾಕಿ ಕೊಡುವ ಬೆಲೆ ಹಾಕಿ ನೀವೇ ಕೂಡಿ ಕಳೆದು ನೋಡಿ.

ಪಶುವೈದ್ಯೆಯಾಗಿ ಇನ್ನೊಂದು ಮಾತು. ಕರು ಹಾಕುವ ಮುಂಚೆ ಎರಡು ತಿಂಗಳು ಹಸುವನ್ನು ಬತ್ತಿಸಲೇಬೇಕು. ಹಸು ಬತ್ತಿದರೂ ಕಂತು ಬತ್ತುವುದಿಲ್ಲ. ನಾಲ್ಕು ಹಸುಗಳಲ್ಲಿ ಮೂರು ಒಂದೇ ಸಲ ಬತ್ತಿದರೆ ಆ ತಿಂಗಳು ಪನೀರೂ ಇಲ್ಲ, ಬಟವಾಡೆಯೂ ಇಲ್ಲ. ಸಾಲ ಮಾಡುವ ಯೋಚನೆ ಇದ್ದರೆ ಕೃತಕ ಗರ್ಭಧಾರಣೆ ಕಾರ್ಡ್ ತೆಗೆದು ಯಾವ ಹಸು ಯಾವ ತಿಂಗಳು ಕರು ಹಾಕುತ್ತದೆ ಎಂದು ಬರೆದುಕೊಳ್ಳಿ. ಕರು ಹಾಕುವ ತಿಂಗಳುಗಳು ಬೇರೆ ಬೇರೆಯಾಗಿ ಹಂಚಿಕೊಂಡಿದ್ದರೆ ಮಾತ್ರ ಮುಂದುವರಿಯಿರಿ. ಕೆಚ್ಚಲಿಗೆ ಟ್ಯೂಬ್ ಹಾಕಿಸಿದಾಗ ಲೇಬಲ್ ಮೇಲೆ ಬರೆದಷ್ಟು ದಿನ ಆ ಹಾಲು ಡೇರಿಗೂ ಬೇಡ, ಪನೀರಿಗೂ ಬೇಡ. ಆ ನಷ್ಟವೂ ಲೆಕ್ಕದಲ್ಲಿರಲಿ.

ಒಕ್ಕೂಟದ ನೌಕರಳಾಗಿ ‘ಹಾಲೆಲ್ಲ ಡೇರಿಗೇ ಹಾಕಿ’ ಎಂದು ಹೇಳಲು ಇಷ್ಟೆಲ್ಲ ಬರೆದಿದ್ದೀನಿ ಅಂದುಕೊಳ್ಳಬೇಡಿ. ಸಂಘಕ್ಕೆ ಹಾಲು ಹಾಕುವುದನ್ನು ಪೂರ್ತಿ ನಿಲ್ಲಿಸಿದರೆ ಸದಸ್ಯತ್ವದ ಹಕ್ಕುಗಳಿಗೆ ಕುತ್ತು ಬರುತ್ತದೆ, ಪನೀರ್ ಮಾರಾಟವಾಗದ ವಾರ ಹಾಲು ಎಲ್ಲಿ ಹಾಕುವುದು ಎಂಬ ಚಿಂತೆಯೂ ಸೇರಿಕೊಳ್ಳುತ್ತದೆ. ಒಂದು ಹೊತ್ತಿನ ಹಾಲು ಡೇರಿಯಲ್ಲಿರಲಿ.

ಹಸುವಿಗೆ, ಮೇವಿಗೆ ಬೇರೆ ದಾರಿ

ಹಿಂಡಿ, ಬೂಸಾ, ಔಷಧಿಗೆ ಕೈ ಕಟ್ಟಿದ್ದರೆ ಪಶುಸಂಗೋಪನೆಯ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. ಜಮೀನು ಇಲ್ಲದವರಿಗೂ ಸಿಗುತ್ತದೆ. ಬಡ್ಡಿ ಶೇ 7, ಸಕಾಲಕ್ಕೆ ಕಟ್ಟಿದರೆ 2 ಲಕ್ಷದವರೆಗೆ ಶೇ 4ಕ್ಕೆ ಇಳಿಯುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನವೂ ಬೇಡ. ಇದು ನಿರ್ವಹಣೆಯ ಖರ್ಚಿಗೆ, ಹಸು ಖರೀದಿಗೆ ಅಲ್ಲ. ಅರ್ಜಿಗೆ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ಕೆಲಸ ಸುಲಭ.

ಹಸು ಕೊಳ್ಳಲು ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ನೋಡಬಹುದು. ವಯಸ್ಸು 18ರಿಂದ 55, ಸಾಲ ಗರಿಷ್ಠ 3 ಲಕ್ಷ. ಸಬ್ಸಿಡಿ ಪರಿಶಿಷ್ಟರಿಗೆ ಶೇ 50, ಉಳಿದವರಿಗೆ ಶೇ 30, ಅದೂ 90,000 ಮೀರದಂತೆ. ಕುಟುಂಬದ ವರಮಾನಕ್ಕೆ ಮಿತಿ ಇದೆ. ನಿಮ್ಮ ಭಾಗದ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅಂಗನವಾಡಿ ಟೀಚರಿಗೆ ಆ ಕಚೇರಿಯ ದಾರಿ ಗೊತ್ತಿರುತ್ತದೆ. ಮುದ್ರಾ ಸಾಲದಲ್ಲಿ ಸಬ್ಸಿಡಿ ಇಲ್ಲ, ಆದರೆ ಅಡಮಾನವೂ ಕೇಳುವಂತಿಲ್ಲ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಗುಂಪಿನಲ್ಲಿ ಇದ್ದು ಈಗಾಗಲೇ ತಿನಿಸು ತಯಾರಿಸುತ್ತಿರುವವರಿಗೆ ಪಿಎಂಎಫ್‌ಎಂಇಯಲ್ಲೇ ತಲಾ 40,000ದವರೆಗೆ ಬೀಜಧನ ಇದೆ. ಅದು ಒಕ್ಕೂಟದ ಮೂಲಕ ಸಾಲವಾಗಿ ಬರುವ ದುಡ್ಡು, ದಾನವಲ್ಲ.

ಇನ್ನು ಮೊಬೈಲಿನಲ್ಲಿ ತಿರುಗುವ ಸುದ್ದಿ. ‘ನಬಾರ್ಡ್ ಡೇರಿ ಸಾಲ, ಶೇ 33 ಮನ್ನಾ’ ಎಂಬುದು 2010ರಲ್ಲಿ ಶುರುವಾದ ಹಳೆಯ ಯೋಜನೆಯ ನೆರಳು. ಆ ಯೋಜನೆ ನಿಂತು ವರ್ಷಗಳಾದವು. ರಾಷ್ಟ್ರೀಯ ಜಾನುವಾರು ಮಿಷನ್‌ನ ಶೇ 50 ಸಬ್ಸಿಡಿ ಕುರಿ, ಮೇಕೆ, ಕೋಳಿ, ಹಂದಿ, ಮೇವಿನ ಘಟಕಗಳಿಗೆ. ಹೈನು ಹಸುವಿಗೆ ಅಲ್ಲ. ಒಬ್ಬ ಸದಸ್ಯೆ ಇಂಥದೊಂದು ವಿಡಿಯೋ ನಂಬಿ ಏಜೆಂಟನಿಗೆ ‘ಫೈಲ್ ಖರ್ಚು’ ಎಂದು 12,000 ಕೊಟ್ಟಿದ್ದರು. ಅದು ಅವರ ಒಂದು ಬಟವಾಡೆಗಿಂತ ಹೆಚ್ಚು. ಆಮೇಲೆ ಅವನು ಫೋನೇ ಎತ್ತಲಿಲ್ಲ. ಪಿಎಂಎಫ್‌ಎಂಇ ಅರ್ಜಿಗೆ ಶುಲ್ಕವಿಲ್ಲ. ಯೋಜನಾ ವರದಿ ಬರೆದು ಬ್ಯಾಂಕಿಗೆ ಮುಟ್ಟಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂದು ಇರುತ್ತಾರೆ, ಅವರ ಸಂಭಾವನೆ ಸರ್ಕಾರವೇ ಕೊಡುತ್ತದೆ. ಉದ್ಯಮ್ ನೋಂದಣಿಯೂ ಉಚಿತ.

ಯಾರ ಹೆಸರಿನಲ್ಲಿ ಹಾಲು?

ಬ್ಯಾಂಕಿನಲ್ಲಿ ಮ್ಯಾನೇಜರ್ ಮೊದಲು ನೋಡುವುದು ಪಾಸ್‌ಬುಕ್. ಪ್ರತಿ ಬಟವಾಡೆಯೂ ಅದರಲ್ಲಿ ಸಾಲಾಗಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ವರಮಾನದ ಸಾಕ್ಷಿ ಇಲ್ಲ. ತೊಡಕು ಇಲ್ಲೇ. ಸಗಣಿ ಬಾಚುವುದು, ಹಾಲು ಕರೆಯುವುದು, ಕ್ಯಾನ್ ಹೊತ್ತು ಸಂಘಕ್ಕೆ ಹೋಗುವುದು ನೀವು. ಸದಸ್ಯತ್ವ ಮಾತ್ರ ಯಜಮಾನರ ಹೆಸರಲ್ಲೋ ಮಾವನವರ ಹೆಸರಲ್ಲೋ ಇರುತ್ತದೆ. ದುಡ್ಡು ಅವರ ಖಾತೆಗೆ ಹೋಗುತ್ತದೆ. ಮಹಿಳೆಯರಿಗೆಂದೇ ಇರುವ ಸಾಲ ಕೇಳಲು ನೀವು ಹೋದಾಗ ಕಾಗದದ ಪ್ರಕಾರ ನಿಮಗೆ ವರಮಾನವೇ ಇಲ್ಲ. ಮನೆಯಲ್ಲಿ ಕೂತು ಮಾತಾಡಿ, ಕಾರ್ಯದರ್ಶಿಯವರನ್ನು ಕೇಳಿ ನಿಮ್ಮ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಿ. ಒಂದು ವರ್ಷದ ಬಟವಾಡೆ ನಿಮ್ಮ ಖಾತೆಯಲ್ಲಿ ಕಂಡರೆ ಬ್ಯಾಂಕಿನವರು ಮಾತಾಡಿಸುವ ರೀತಿಯೇ ಬದಲಾಗುತ್ತದೆ. ವಾರದ ಸಂಘದ ಸಾಲದ ಕಂತು ಬಾಕಿ ಇದ್ದರೆ ಮೊದಲು ತೀರಿಸಿ. ಸಿಬಿಲ್‌ನಲ್ಲಿ ಅದೂ ಕಾಣುತ್ತದೆ.

ಸಂಘದ ಸದಸ್ಯರಾಗಿ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಇದೆ. ಒಂದು ಕಿಲೋ ಪನೀರ್ ಮಾರಲು ಹೊರಟ ದಿನ ಆ ವಿನಾಯಿತಿ ಮುಗಿಯಿತು. ಸಣ್ಣ ಘಟಕಕ್ಕೆ ನೋಂದಣಿ ವರ್ಷಕ್ಕೆ 100 ರೂಪಾಯಿ; ಅದಿಲ್ಲದೆ ಅಪಾರ್ಟ್‌ಮೆಂಟಿನವರೂ ಅಂಗಡಿಯವರೂ ಈಗ ಕೊಳ್ಳುವುದಿಲ್ಲ.

ಯಂತ್ರ ಕೊಳ್ಳುವ ಮುಂಚೆ ಕೈ ಪಳಗಿಸಿಕೊಳ್ಳಿ. ನಮ್ಮ ಡೇರಿ ಸರ್ಕಲ್‌ಗೆ ಹತ್ತಿರದ ಆಡುಗೋಡಿಯಲ್ಲೇ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. 1923ರಲ್ಲಿ ಶುರುವಾದ ಸಂಸ್ಥೆ ಅದು. 1927ರಲ್ಲಿ ಗಾಂಧೀಜಿಯವರೇ ಗೋಪಾಲನೆ ಕಲಿಯಲು ಅಲ್ಲಿಗೆ ಹೋಗಿದ್ದರು. ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜಿದೆ. ಹಾಲಿನ ಉತ್ಪನ್ನಗಳ ತರಬೇತಿ ಯಾವಾಗ ಇದೆ ಎಂದು ಎರಡೂ ಕಡೆ ವಿಚಾರಿಸಿ. ಅಲ್ಲಿಯವರೆಗೆ ಒಂದು ತಿಂಗಳು ವಾರಕ್ಕೆರಡು ದಿನ ಮನೆಯ ಪಾತ್ರೆಯಲ್ಲೇ ಪನೀರ್ ಮಾಡಿ ಪರಿಚಯದ ನಾಲ್ಕು ಮನೆಗೆ ಕೊಟ್ಟು ನೋಡಿ. ಎಷ್ಟು ಲೀಟರಿಗೆ ಎಷ್ಟು ಬಂತು, ಎಷ್ಟು ಮಾರಾಟವಾಯಿತು, ಎಷ್ಟು ಉಳಿಯಿತು ಎಂದು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ನಾನು ಕೊಟ್ಟಿಗೆಗೆ ಬಂದಾಗ ಆ ಹಾಳೆ ತೋರಿಸಿ, ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಏನೇನು ಕೇಳಬೇಕೆಂದು ಅಲ್ಲೇ ಕೂತು ಬರೆದುಕೊಳ್ಳೋಣ.