ಗೋರಿಯೊಳಗೊಂದು ಬಂಗಲೆ

ಮಾನೇಸರ್‌ನಲ್ಲಿ ನೋಡಲು ಏನಿದೆ ಎಂದು ಊರಿನಿಂದ ಬಂದವರು ಕೇಳಿದರೆ ನನಗೆ ಪೇಚಾಟ. ಕಾರ್ಖಾನೆಗಳ ಕಾಂಪೌಂಡು, ಜೈಪುರದ ಕಡೆ ಓಡುವ ಲಾರಿಗಳು, ಫ್ಲ್ಯಾಟುಗಳು. ವಿಜಯಪುರದಿಂದ ಬಂದಿದ್ದ ಅಪ್ಪನಿಗೆ ಕೆಂಪುಕೋಟೆ, ತಾಜ್‌ಮಹಲ್ ಎಲ್ಲ ತೋರಿಸಿಯಾಗಿತ್ತು. ಗೋಳಗುಮ್ಮಟದ ನೆರಳಲ್ಲಿ ಬೆಳೆದವರಿಗೆ ಇನ್ನೊಂದು ಗುಮ್ಮಟ ತೋರಿಸುವುದರಲ್ಲಿ ಏನಿದೆ? ಆದರೂ, ಗೋರಿಯೊಳಗೆ ಊಟದ ಮೇಜು ಹಾಕಿಕೊಂಡಿದ್ದ ಸಾಹೇಬನ ಮನೆ ಇದೆ ಎಂದಾಗ ಅವರು ತಕ್ಷಣ ಚಪ್ಪಲಿ ಮೆಟ್ಟಿದರು.

ಮಾನೇಸರ್‌ಗೆ ಮೆಟ್ರೊ ಇಲ್ಲ. ಗುರುಗ್ರಾಮದ ಮಿಲೇನಿಯಂ ಸಿಟಿ ಸೆಂಟರ್‌ವರೆಗೆ ಕ್ಯಾಬ್, ಅಲ್ಲಿಂದ ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ನಿಲ್ದಾಣ. ಕುತುಬ್‌ಗೆ ನುಗ್ಗುವ ಜನ ಪಕ್ಕದ ಮೆಹರೌಲಿ ಪುರಾತತ್ವ ಉದ್ಯಾನದತ್ತ ತಿರುಗಿಯೂ ನೋಡುವುದಿಲ್ಲ. ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ.

ದಿಬ್ಬದ ಮೇಲಿನ ಆ ಕಟ್ಟಡ ಹೊರಗಿನಿಂದ ಎಂಟು ಮೂಲೆ, ಒಳಗೆ ಚೌಕ. ಅದು 17ನೇ ಶತಮಾನದ ಮುಹಮ್ಮದ್ ಕುಲಿ ಖಾನನ ಸಮಾಧಿ. 1840ರ ದಶಕದಲ್ಲಿ ಇದನ್ನು ಮನೆ ಮಾಡಿಕೊಂಡವನು ಥಾಮಸ್ ಮೆಟ್‌ಕಾಫ್, ಮೊಘಲ್ ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿ. ಸುತ್ತ ಕೋಣೆಗಳನ್ನು ಸೇರಿಸಿದ, ಗೋರಿಯಿದ್ದ ನಡುಮನೆಯನ್ನೇ ಊಟದ ಕೋಣೆ ಮಾಡಿದ, ‘ದಿಲ್‌ಖುಷಾ’ ಎಂದು ಹೆಸರಿಟ್ಟ. ಹೊಸದಾಗಿ ಮದುವೆಯಾದ ಜೋಡಿಗಳಿಗೆ ಬಾಡಿಗೆಗೂ ಕೊಡುತ್ತಿದ್ದನಂತೆ! ಈಗ ಆ ಹೆಚ್ಚುವರಿ ಕೋಣೆಗಳ ತಳಪಾಯ ಮಾತ್ರ ಉಳಿದಿದೆ. ಒಳಗೆ ಗಾರೆಯ ಮೇಲಿನ ಚಿತ್ತಾರ ಅಲ್ಲಲ್ಲಿ ಚೆನ್ನಾಗಿಯೇ ಇದೆ, ಕಮಾನಿನ ನಡುವೆ ನಿಂತರೆ ಕುತುಬ್ ಮಿನಾರ್ ಚೌಕಟ್ಟು ಹಾಕಿಟ್ಟಂತೆ ಕಾಣುತ್ತದೆ.

ಮನುಷ್ಯ ವಿಚಿತ್ರದವನು. ಹೆಂಗಸರು ಚೀಸ್ ತಿನ್ನುವುದನ್ನು ಕಂಡರೆ ಅವನಿಗೆ ಆಗದು, ಮಾವಿನಹಣ್ಣು, ಕಿತ್ತಳೆಯನ್ನು ಅವರು ಯಾರ ಕಣ್ಣಿಗೂ ಬೀಳದಂತೆ ತಿನ್ನಬೇಕು ಎಂದೆಲ್ಲ ಮಗಳು ಎಮಿಲಿ ಬರೆದಿಟ್ಟಿದ್ದಾಳೆ. ಉತ್ತರ ದೆಹಲಿಯ ಅವನ ದೊಡ್ಡ ಮನೆಯಲ್ಲಿ ನೆಪೋಲಿಯನ್‌ಗೆಂದೇ ಒಂದು ಕೋಣೆ ಇತ್ತು. ಇಲ್ಲಿ ದೋಣಿಮನೆ ಮಾಡಿಸಿದ, ದೂರದ ನೋಟಕ್ಕೆ ಚೆಂದವಿರಲೆಂದು ದಿಬ್ಬದ ಮೇಲೆ ಛತ್ರಿ ಕಟ್ಟಿಸಿದ. ಛತ್ರಿ ಈಗಲೂ ಇದೆ. ಉಪಯೋಗವೇನೂ ಇಲ್ಲ, ನೋಡಲು ಮಾತ್ರ ಸೊಗಸು.

“ಗೋರಿ ಮ್ಯಾಲ ಕುಂತು ಉಣ್ಣೂದು ಅಂವಗ ಹ್ಯಾಂಗ ಸೇರತಿತ್ತೋ” ಎಂದರು ಅಪ್ಪ. ಸ್ವಲ್ಪ ಹೊತ್ತಿನ ಬಳಿಕ ಅವರೇ, “ನಮ್ಮ ಗೋಳಗುಮ್ಮಟದ ಬಾಜೂ ಮಸೀದಿನೂ ಡಾಕ್ ಬಂಗ್ಲೆ ಮಾಡಿದ್ರಲ್ಲ” ಎಂದು ನೆನಪಿಸಿದರು. ನಿಜ. ವಿಜಯಪುರದಲ್ಲಿ ಸಾಹೇಬರು ತಂಗಿದ್ದ ಆ ಮಸೀದಿ ತೆರವಾದದ್ದು ಲಾರ್ಡ್ ಕರ್ಜನ್ ಕಾಲದಲ್ಲಿ. ಇಲ್ಲಿ ಕುಲಿ ಖಾನನ ಸೋದರ ಅಧಮ್ ಖಾನನ ಸಮಾಧಿಗೂ ಇದೇ ಗತಿ. ಕೊಲೆ ಮಾಡಿದ್ದಕ್ಕೆ 1562ರಲ್ಲಿ ಅಕ್ಬರ್ ಅವನನ್ನು ಮಹಡಿಯಿಂದ ಕೆಳಗೆ ಎಸೆಸಿದ್ದ. 1830ರ ದಶಕದಲ್ಲಿ ಬ್ಲೇಕ್ ಎಂಬ ಅಧಿಕಾರಿ ಆ ಸಮಾಧಿಯಲ್ಲಿ ಬಿಡಾರ ಹೂಡಿ ಗೋರಿಕಲ್ಲನ್ನೇ ತೆಗೆಸಿದ. ಮುಂದೆ ಅದು ಪೊಲೀಸ್ ಠಾಣೆಯೂ ಆಯಿತು.

ದಪ್ಪ ಗೋಡೆ, ಎತ್ತರದ ಗುಮ್ಮಟ, ಒಳಗೆ ತಂಪು. ದೆಹಲಿಯ ಬಿಸಿಲಿನಲ್ಲಿ ಇಂಥ ಜಾಗಕ್ಕೆ ಆಸೆಪಟ್ಟದ್ದು ಅರ್ಥವಾಗುತ್ತದೆ. ಆದರೆ ಮೆಟ್‌ಕಾಫ್ ಈ ಜಾಗವನ್ನೇ ಆರಿಸಿಕೊಂಡದ್ದು ಬರೀ ತಂಪಿಗಾಗಿ ಎಂದು ನನಗೆ ಅನ್ನಿಸುವುದಿಲ್ಲ. ಬಾದಶಹ ಬಹಾದ್ದೂರ್ ಶಾ ಜಫರ್ ಮಳೆಗಾಲ ಕಳೆಯುತ್ತಿದ್ದದ್ದು ಮೆಹರೌಲಿಯಲ್ಲೇ. ರಾಜನ ಮೇಲೆ ಕಣ್ಣಿಡಲು ಸಾಹೇಬನಿಗೆ ಇಲ್ಲೊಂದು ನೆಲೆ ಬೇಕಿತ್ತು. 1852ರಲ್ಲಿ ಮೊಘಲರು ಕೆಂಪುಕೋಟೆ ಬಿಟ್ಟು ಇಲ್ಲಿಗೇ ಬರಬೇಕೆಂದು ರಾಜಕುಮಾರ ಫಖ್ರುವಿನ ಜೊತೆ ಅವನ ಒಪ್ಪಂದವೂ ಆಯಿತು. ಮರುವರ್ಷ ಮೆಟ್‌ಕಾಫ್ ತೀರಿಕೊಂಡ. ರಾಣಿ ಜೀನತ್ ಮಹಲ್ ವಿಷ ಹಾಕಿಸಿದಳೆಂಬ ಗುಮಾನಿ ಅವನ ಮನೆಯವರಿಗೆ ಕೊನೆಯವರೆಗೂ ಇತ್ತು.

ಹೊತ್ತಿತ್ತು. ಆಟೊ ಹಿಡಿದು ಮೆಹರೌಲಿಯ ಗಲ್ಲಿಗಳಲ್ಲಿ ಜಫರ್ ಮಹಲ್‌ಗೆ ಹೋದೆವು. ದರ್ಗಾದ ಪಕ್ಕ, ಮನೆಗಳು ಒತ್ತರಿಸಿ ನಿಂತ ಪಾಳು ಅರಮನೆ. ಅದರೊಳಗಿನ ಪುಟ್ಟ ಆವರಣದಲ್ಲಿ ಜಫರನ ತಾತ ಎರಡನೇ ಶಾ ಆಲಂ, ತಂದೆ ಎರಡನೇ ಅಕ್ಬರ್ ಶಾ ಇವರ ಗೋರಿಗಳಿವೆ. ನಡುವೆ ಸ್ವಲ್ಪ ಜಾಗ ಖಾಲಿ ಇದೆ. ಜಫರ್ ತನಗೆಂದು ಇಟ್ಟುಕೊಂಡಿದ್ದ ಜಾಗ ಅದು. ಆಂಗ್ಲರು ಅವನನ್ನು 1858ರಲ್ಲಿ ಗಡೀಪಾರು ಮಾಡಿದರು. 1862ರಲ್ಲಿ ಸತ್ತಾಗ ರಂಗೂನಿನಲ್ಲೇ ಹೂಳಿದರು.

ಅಪ್ಪ ಆ ಖಾಲಿ ಜಾಗವನ್ನು ಅಳೆಯುವವರಂತೆ ನೋಡುತ್ತ ನಿಂತರು. “ಒಬ್ಬಂವಗ ಸಾಕಾಗತಿತ್ತು ನೋಡು” ಎಂದರು.