ನಿಂತೊಡನೆ ಬಂದ್ ಬೀಳುವ ಹಳೆಯ ಮೋಟಾರು

ಗಡಹಿಂಗ್ಲಜದ ನಮ್ಮ ರೈತ ಗೆಳೆಯರೊಬ್ಬರಲ್ಲಿ ಕಾರ್ಬೊರೇಟರಿನ ಹಳೆಯ ಮಾರುತಿ 800 ಗಾಡಿಯೊಂದುಂಟು. 1983ರಲ್ಲಿ ಬಂದ ಈ ಮೋಟಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ನಮ್ಮ ಹಳ್ಳಿಗಳಲ್ಲಿ ಮಾತ್ರ ಇನ್ನೂ ಓಡುತ್ತಲಿದೆ. ಕಳೆದ ಸುಗ್ಗಿಯಲ್ಲಿ ಗೆಳೆಯರ ತಾಯಿಯವರನ್ನು ಕಣ್ಣಿನ ಚಿಕಿತ್ಸೆಗೆಂದು ಅದರಲ್ಲಿ ಕೂಡಿಸಿಕೊಂಡು ಸಂಕೇಶ್ವರ, ನಿಪ್ಪಾಣಿಗಳ ಮೇಲೆ ಹಾಯ್ದು ಕೊಲ್ಹಾಪುರಕ್ಕೆ ಹೊರಟೆವು. ಹಾದಿಯುದ್ದಕ್ಕೂ ಗಾಡಿ ಕುದುರೆಯಂತೆ ಓಡಿತು. ಊರು ಹೊಕ್ಕು ಮೊದಲನೆಯ ಸಿಗ್ನಲ್ಲಿಗೆ ನಿಂತದ್ದೇ ತಡ, ಇಂಜಿನ್ ಬಂದ್! ದವಾಖಾನೆ ಮುಟ್ಟುವುದರೊಳಗೆ ಐದು ಸಲ ಹೀಗಾಯಿತು. ಹಿಂದೆ ಲಾರಿಗಳ ಹಾರ್ನು, ಒಳಗೆ ಮುದುಕಿಯ ಗಾಬರಿ.

ಈ ಬೇನೆ ಹೊಸದಲ್ಲ. ಇಚಲಕರಂಜಿಯ ಗ್ಯಾರೇಜೊಂದರಲ್ಲಿ ಮೂರು ಸಲ ತೋರಿಸಿಯಾಗಿತ್ತು. ಪ್ರತಿಸಲವೂ ಸ್ಲೋ ಸ್ಕ್ರೂ ಒಂದಿಷ್ಟು ತಿರುವಿ ಕಳಿಸಿದ್ದರು. ಎಂಟು ದಿನ ನೆಟ್ಟಗೆ, ಮತ್ತೆ ಅದೇ ಪಾಡು. ಮೇಲೆ ಪೆಟ್ರೋಲು ದಂಡ.

ಎಣ್ಣೆ ಇಂಜಿನ್ನುಗಳಿಗೆ ಹೆಸರಾದ ಕೊಲ್ಹಾಪುರದ ಉದ್ಯಮನಗರದಲ್ಲಿ ಕನ್ನಡ ಬಲ್ಲ ಹಿರಿಯ ಮಿಸ್ತ್ರಿಯೊಬ್ಬರು ಸಿಕ್ಕರು. "ಸಾವಕಾರ್ರ, ಸ್ಕ್ರೂ ಮುಟ್ಟಬ್ಯಾಡ್ರಿ. ಮೊದಲ ಗಾಳಿ ಎಲ್ಲಿಂದ ಹೊಕ್ಕತೈತಿ ನೋಡೂಣು" ಎಂದರು.

ಕಾಯ್ದ ಇಂಜಿನ್ ಚಾಲೂ ಇಟ್ಟು ಚೋಕನ್ನು ಬೆರಳಷ್ಟು ಎಳೆದರು. ಇಂಜಿನ್ ನೆಟ್ಟಗೆ ನಿಂತಿತು. ಹಾಗೆ ನಿಂತರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಎಂದು ತಿಳಿಯಬೇಕು. ಬದಲಾಗಿ ಕರಿ ಹೊಗೆ ಬಿಟ್ಟು ಮತ್ತಷ್ಟು ಮುಗ್ಗರಿಸಿದರೆ ಪೆಟ್ರೋಲೇ ಹೆಚ್ಚು. ಆಗ ಫ್ಲೋಟಿನ ಸೂಜಿ, ಧೂಳು ತುಂಬಿದ ಏರ್ ಫಿಲ್ಟರ್ ನೋಡಬೇಕು. ನಂತರ ಬ್ರಶ್ಶಿನಿಂದ ಕಾರ್ಬೊರೇಟರಿನ ಬುಡದ ಪ್ಯಾಕಿಂಗಿಗೆ ನೀರು ಹಚ್ಚಿದರು. ಸದ್ದು ಬದಲಾಗಲಿಲ್ಲ. (ಈ ಕೆಲಸಕ್ಕೆ ಪೆಟ್ರೋಲು ಬಳಸುವವರುಂಟು, ಕಾಯ್ದ ಇಂಜಿನ್ನಿನ ಮೇಲೆ ಅದು ಬೆಂಕಿಗೆ ಕರೆ.) ಕೊನೆಗೆ ರಬ್ಬರ್ ನಳಿಗಳನ್ನು ಒಂದೊಂದಾಗಿ ಇಕ್ಕಳದಿಂದ ಅದುಮುತ್ತ ಬಂದರು. ಮೂರನೆಯದನ್ನು ಅದುಮಿದಾಗ ಇಂಜಿನ್ ಶಾಂತವಾಯಿತು. ಅದರ ಬಾಗಿನಲ್ಲಿ ಕೂದಲೆಳೆಯಂಥ ಸೀಳು!

ಓಡುವಾಗ ಏಕೆ ತೊಂದರೆಯಿಲ್ಲ? ಓಡುವಾಗ ಇಂಜಿನ್ ಬಹಳ ಗಾಳಿ ಕುಡಿಯುತ್ತದೆ, ಸೀಳಿನಿಂದ ಬಂದದ್ದು ಲೆಕ್ಕಕ್ಕಿಲ್ಲ. ನಿಂತಾಗ ಥ್ರಾಟಲ್ ಮುಚ್ಚಿರುತ್ತದೆ, ಒಳಗಿನ ಸೆಳೆತ ಜೋರು, ಗಾಳಿಯ ಅಳತೆ ಸಣ್ಣದು. ಕಳ್ಳಗಾಳಿ ಆಗಲೇ ಕಾಡುತ್ತದೆ. ಮುಂಜಾನೆ ತಣ್ಣಗಿರುವಾಗ ಚೋಕು ಇದನ್ನು ಮುಚ್ಚಿಡುತ್ತದೆ.

ಇನ್ನೊಂದು ಮಾತು ನಮ್ಮ ಕಬ್ಬಿನದೇ. ಕಾರ್ಖಾನೆಗಳಲ್ಲಿ ತಯಾರಾಗುವ ಎಥನಾಲನ್ನು ಪೆಟ್ರೋಲಿನಲ್ಲಿ ಬೆರೆಸುವ ಪ್ರಮಾಣ 2025ರಲ್ಲಿ ನೂರಕ್ಕೆ 20ಕ್ಕೆ ಮುಟ್ಟಿತು. ಕಬ್ಬಿನ ರೈತನಿಗೆ ಅದು ಹಿತವೇ. ಆದರೆ ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬೊರೇಟರಿನ ಮಿಶ್ರಣ ಇನ್ನೂ ತೆಳುವಾಗುತ್ತದೆ, ಹಳೆಯ ರಬ್ಬರಿಗೂ ಅದು ಒಗ್ಗದು, ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಟಾಕಿಯಲ್ಲಿ ಹಳೆಯ ಪೆಟ್ರೋಲು ಉಳಿಸಬಾರದು. ಸ್ಲೋ ಜೆಟ್ ಕಟ್ಟಿದರೆ ಗಾಳಿ ಊದಿ ತೆಗೆಯಬೇಕು. ತಂತಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ಟೇ ಕೆಡುತ್ತದೆ.

ಬ್ರೇಕ್ ಬೂಸ್ಟರ್ ಇದ್ದ ಗಾಡಿಯವರಂತೂ ಈ ಬೇನೆಯನ್ನು ಸಣ್ಣದೆಂದು ಬಿಡಬಾರದು. ಇಂಜಿನ್ ನಿಂತ ಮೇಲೆ ಒಂದೆರಡು ಸಲ ಬ್ರೇಕ್ ಒತ್ತುವುದರಲ್ಲಿ ಬೂಸ್ಟರಿನ ಸೆಳೆತ ತೀರಿ ಪೆಡಲ್ ಕಲ್ಲಾಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಹಾಗಾದರೆ ಗತಿಯೇನು?

ಮಿಸ್ತ್ರಿಯವರು ಗೇಣುದ್ದದ ಹೊಸ ನಳಿ ಹಾಕಿ, ಬಿಗಿದಿದ್ದ ಸ್ಕ್ರೂ ಸಡಿಲಿಸಿ ಮೊದಲಿನ ಅಳತೆಗೆ ತಂದರು. ತಾಯಿಯವರ ಎರಡನೆಯ ಕಣ್ಣಿನ ಚಿಕಿತ್ಸೆಗೆ ಅದೇ ಗಾಡಿ ಕೊಲ್ಹಾಪುರಕ್ಕೆ ಹೋಗಿ ಬಂದಿತು; ಒಂದು ಸಿಗ್ನಲ್ಲಿನಲ್ಲಿಯೂ ಬಂದ್ ಬೀಳಲಿಲ್ಲ.