ಕುಂಟೆಯ ಕೆಸರಿನಿಂದ ಶುರುವಾಗಲಿ ಸಸ್ಯಪಾಠ

ಶಾಲೆಗಳಲ್ಲಿ ಸಸ್ಯಪಾಠ ದಾಸವಾಳದ ಹೂವಿನಿಂದಲೋ ಹುರುಳಿಯ ಮೊಳಕೆಯಿಂದಲೋ ಶುರುವಾಗುತ್ತದೆ. ಪಾಚಿ, ಶಿಲೀಂಧ್ರಗಳ ಸರದಿ ಬರುವ ಹೊತ್ತಿಗೆ ಅವು ಪರೀಕ್ಷೆಗೆ ಬಾಯಿಪಾಠ ಮಾಡುವ ಹೆಸರುಗಳಷ್ಟೇ ಆಗಿಬಿಟ್ಟಿರುತ್ತವೆ. ಈ ಕ್ರಮ ತಲೆಕೆಳಗಾಗಬೇಕೆಂಬುದು ನನ್ನ ವಾದ. ಹೂ ಬಿಡುವ ಗಿಡಗಳ ಸುಳಿವೂ ಇಲ್ಲದ ಕಾಲದಲ್ಲಿ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ನೀಲಿ-ಹಸಿರು ಪಾಚಿಯ ಪೂರ್ವಜರಿಂದ. ಇಂದಿಗೂ ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಅರ್ಧದಷ್ಟು ಪಾಲು ಸಮುದ್ರದಲ್ಲಿ ತೇಲುವ ಸೂಕ್ಷ್ಮಜೀವಿಗಳದು. ಜೀವಲೋಕ ಬೆಳೆದು ಬಂದ ದಾರಿಯಲ್ಲೇ ಪಾಠವೂ ಸಾಗಬೇಕಾದರೆ ಅದು ನೀರಿನಿಂದ, ಕೆಸರಿನಿಂದ ಹೊರಡಬೇಕು. ಅದಕ್ಕೆ ದಟ್ಟ ಕಾಡೇನೂ ಬೇಕಾಗಿಲ್ಲ. ಚೆನ್ನೈಯಂಥ ನಗರವೇ ಸಾಕು ಎನ್ನುವುದಕ್ಕೆ ಆ ಊರಿನ ಚರಿತ್ರೆಯಲ್ಲೇ ಸಾಕ್ಷ್ಯವಿದೆ.

ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ 1886ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಮರೀನಾ ಕಡಲತೀರಕ್ಕೆ ಮುಖಮಾಡಿರುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು, ಮುಂದೆ ಮದ್ರಾಸ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದರು. ಭಾರತದ ಪಾಚಿ ಅಧ್ಯಯನದ ಪಿತಾಮಹ ಎಂದು ವಿಜ್ಞಾನಿಗಳು ಇವರನ್ನು ಕರೆಯುತ್ತಾರೆ. 1932ರಲ್ಲಿ ಅವರು ಒಂದು ಹೊಸ ಪಾಚಿಯನ್ನು ವಿವರಿಸಿ, ಲಂಡನ್ನಿನ ಪಾಚಿತಜ್ಞ ಫ್ರಿಟ್ಶ್ ಅವರ ಗೌರವಾರ್ಥ ಅದಕ್ಕೆ ಫ್ರಿಟ್ಶಿಯೆಲ್ಲಾ ಟ್ಯೂಬರೋಸಾ ಎಂದು ಹೆಸರಿಟ್ಟರು. ಮಳೆನೀರು ನಿಂತ ಕುಂಟೆಗಳು ಬತ್ತುವಾಗ ಉಳಿಯುವ ಒದ್ದೆ ಹೂಳಿನಲ್ಲಿ ಬೆಳೆಯುವ ಪಾಚಿ ಇದು. ನೀರಿನಲ್ಲಿ ತೇಲುವ ಬಂಧುಗಳಿಗಿಂತ ಇದರ ದೇಹರಚನೆ ಬೇರೆ: ಒಂದು ಭಾಗ ಮಣ್ಣಿನೊಳಗೆ ಹರಡುತ್ತದೆ, ಬೇರಿನಂಥ ಎಳೆಗಳು ಕೆಳಗಿಳಿಯುತ್ತವೆ, ಇನ್ನೊಂದು ಭಾಗ ಕವಲೊಡೆದು ನೆಲದ ಮೇಲಕ್ಕೇಳುತ್ತದೆ. ಬೇಸಿಗೆ ಬಂದಾಗ ಮಣ್ಣಿನೊಳಗಿನ ಗಂಟುಗಟ್ಟಿದ ಜೀವಕೋಶಗಳು ಬದುಕುಳಿದು ಮುಂದಿನ ಮಳೆಗೆ ಕಾಯುತ್ತವೆ. ಸಸ್ಯ ನೀರು ಬಿಟ್ಟು ನೆಲಕ್ಕೆ ಬಂದದ್ದು ಹೇಗೆ ಎಂಬ ದೊಡ್ಡ ಪ್ರಶ್ನೆಗೆ ಪಠ್ಯಪುಸ್ತಕಗಳು ದಶಕಗಟ್ಟಲೆ ಇದನ್ನೇ ಉದಾಹರಣೆಯಾಗಿ ಕೊಟ್ಟವು.

ಆ ಉದಾಹರಣೆ ಈಗ ಬಿದ್ದುಹೋಗಿದೆಯಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ವಂಶವಾಹಿಗಳ ಹೋಲಿಕೆಯ ಪ್ರಕಾರ ನೆಲದ ಸಸ್ಯಗಳಿಗೆ ಅತಿ ಹತ್ತಿರದ ನೆಂಟರು ಸ್ಪೈರೋಗೈರಾ ಸೇರಿರುವ ಗುಂಪಿನವರು; ಫ್ರಿಟ್ಶಿಯೆಲ್ಲಾ ಹಸಿರು ಪಾಚಿಗಳ ಬೇರೊಂದು ಕವಲಿಗೆ ಸೇರಿದ್ದು. ಆದರೆ ಇದರಿಂದ ಅಯ್ಯಂಗಾರರ ಕೆಲಸದ ಬೆಲೆ ಕುಗ್ಗುವುದಿಲ್ಲ. ನೆಲಕ್ಕೆ ಹತ್ತುವ ಪ್ರಯತ್ನ ಒಂದೇ ಕವಲಿನಲ್ಲಿ ನಡೆದದ್ದಲ್ಲ, ದೂರದ ಕವಲುಗಳೂ ತಮ್ಮಷ್ಟಕ್ಕೆ ಅದೇ ಬಗೆಯ ಉಪಾಯ ಕಂಡುಕೊಂಡವು ಎಂಬ ಇನ್ನಷ್ಟು ಕುತೂಹಲದ ಸಂಗತಿ ಅದರಿಂದಲೇ ತಿಳಿಯುತ್ತದೆ. ವ್ಯಾಖ್ಯಾನ ಬದಲಾಯಿತು, ಕೆಸರನ್ನು ಕೆದಕಿ ನೋಡಿದ್ದು ಬದಲಾಗಲಿಲ್ಲ. ಕುಂಟೆಯಿಂದ ಯಾರೋ ಎತ್ತಿ ತಂದು ಗುರುತಿಸದೆ ಇದ್ದರೆ ವಂಶವಾಹಿ ಪರೀಕ್ಷೆಗೆ ಇಡುವುದಾದರೂ ಏನನ್ನು?

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಎರಡನೆಯ ಆಕ್ಷೇಪ. ಹೌದು, ಎಷ್ಟೋ ಸಲ ಅನ್ನವೂ ಆರೋಗ್ಯವೂ ಈ ಗುರುತಿಸುವಿಕೆಯನ್ನೇ ಅವಲಂಬಿಸಿವೆ. ಮದ್ರಾಸ್ ವಿಶ್ವವಿದ್ಯಾಲಯದವರೇ ಆದ ಟಿ.ವಿ. ದೇಶಿಕಾಚಾರಿ 1959ರಲ್ಲಿ ನೀಲಿ-ಹಸಿರು ಪಾಚಿಗಳ ಮೇಲೆ ಬೃಹತ್ ಗ್ರಂಥವನ್ನೇ ತಂದರು. ಈ ವರ್ಗದ ನಾಸ್ಟಾಕ್ ಗಾಳಿಯ ಸಾರಜನಕವನ್ನು ಹಿಡಿದು ಬತ್ತದ ಗದ್ದೆಗೆ ಗೊಬ್ಬರ ಒದಗಿಸುತ್ತದೆ. ಇದೇ ವರ್ಗದ ಮೈಕ್ರೋಸಿಸ್ಟಿಸ್, ಚರಂಡಿ ಸೇರಿದ ಕೆರೆಯಲ್ಲಿ ಹಸಿರು ಬಣ್ಣ ಕಲಕಿದಂತೆ ಹಬ್ಬಿ, ಯಕೃತ್ತನ್ನು ಕೆಡಿಸುವ ವಿಷ ಬಿಡಬಲ್ಲದು; ನೀರು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಎರಡನ್ನೂ ಬರೀ ಪಾಚಿ ಎಂದು ಕರೆದು ಸುಮ್ಮನಾಗುವ ಸಮಾಜ ಉಪಕಾರಿಯನ್ನೂ ಅಪಾಯಕಾರಿಯನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ನಮ್ಮ ಮಲೆನಾಡಿನ ಅಡಿಕೆ ಕೊಳೆರೋಗವನ್ನೇ ನೋಡಿ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಅದನ್ನು ಅಧ್ಯಯನ ಮಾಡಿದ್ದರು. ಶಿಲೀಂಧ್ರವೆಂದೇ ಬಹುಕಾಲ ಎಣಿಸಿದ್ದ ಅದರ ರೋಗಾಣು ಫೈಟಾಫ್ತೊರಾ ನಿಜವಾಗಿ ಕಂದು ಪಾಚಿಗಳ ಬಳಗಕ್ಕೆ ಹತ್ತಿರದ್ದು. ಅದರ ಕೋಶಭಿತ್ತಿಯ ಮುಖ್ಯ ವಸ್ತು ಅಣಬೆಗಳಲ್ಲಿರುವ ಕೈಟಿನ್ ಅಲ್ಲ, ಸೆಲ್ಯುಲೋಸ್. ಶಿಲೀಂಧ್ರಕ್ಕೆಂದೇ ತಯಾರಾದ ಕೆಲವು ಔಷಧಗಳು ಇದಕ್ಕೆ ನಾಟದಿರುವುದಕ್ಕೆ ಈ ಬಳಗದ ಭೇದವೇ ಕಾರಣ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಮಾತ್ರ ನಾಟುತ್ತದೆ, ಏಕೆಂದರೆ ತಾಮ್ರ ಎರಡೂ ಬಳಗಗಳಿಗೆ ವಿಷ. ಬೆಳೆಗಾರನ ಖರ್ಚು ಉಳಿಸುವ ವಿದ್ಯೆ ಇದು.

ಸೂಕ್ಷ್ಮದರ್ಶಕವಿಲ್ಲದೆ ಇದೆಲ್ಲ ಸಾಧ್ಯವಿಲ್ಲ ಎನ್ನುವುದು ನಿಜ. ಅದು ಕಾಲೇಜುಗಳ ಪ್ರಯೋಗಾಲಯದ ಬೀರುಗಳಲ್ಲಿ ಇದ್ದೇ ಇದೆ. ಕೆಲವನ್ನು ಬರಿಗಣ್ಣಿನಿಂದಲೂ ಕಲಿಯಬಹುದು: ಮಸಾಲೆಗೆ ಹಾಕುವ ಕಲ್ಲುಹೂವು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ, ಅಡುಗೆಮನೆಯ ಡಬ್ಬಿಯಲ್ಲೇ ಸಿಗುತ್ತದೆ. ಹಿಂಗಾರು ಮಳೆ ನಿಂತು ಜನವರಿಯಲ್ಲಿ ಚೆನ್ನೈನ ಕುಂಟೆಗಳು ಬತ್ತತೊಡಗುತ್ತವೆ. ಅಲ್ಲಿನ ಕನ್ನಡ ಮನೆಗಳ ತಂದೆತಾಯಿಯರಲ್ಲಿ, ಎಲ್ಲ ಊರುಗಳ ಮೇಷ್ಟರುಗಳಲ್ಲಿ ನನ್ನ ವಿನಂತಿ ಇಷ್ಟೆ: ಈ ವರ್ಷದ ಮೊದಲ ಸಸ್ಯಪಾಠಕ್ಕೆ ಹೂವನ್ನು ಬಿಡಿಸಬೇಡಿ, ಹತ್ತಿರದ ಕುಂಟೆಯಿಂದ ಒಂದು ಹಿಡಿ ಒದ್ದೆ ಕೆಸರು ತಂದು ಮಕ್ಕಳ ಮುಂದಿಡಿ.